ಕಾಲ, ದೂರ, ವೇಗಗಳ ಲೆಕ್ಕವನ್ನು ಬಿಡಿಸುವ ಬಗೆ

ಅಂಕಗಣಿತದ ಪ್ರಕರಣಗಳಲ್ಲಿ ನಿಮ್ಮನ್ನು ಹೆಚ್ಚಾಗಿ ಅಂಜಿಸಿದುದು ಯಾವುದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕೇಳಿದರೆ, ಕೆಲವರು ಚಕ್ರಬಡ್ಡಿಯೆಂದೂ, ಕೆಲವರು ತೊಟ್ಟಿಯನ್ನು ತುಂಬುವ ನಲ್ಲಿಗಳೆಂದೂ ಹೇಳಬಹುದು. ಆದರೆ ಬಹುಮಂದಿಯ ಬಾಯಿಂದ ಬರುವ ಉತ್ತರವು ರೈಲುಬಂಡಿಯ ಲೆಕ್ಕವೆಂದೇ ಸರಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇವುಗಳಲ್ಲಿ ಒಂದನ್ನೂ ತಪ್ಪದ ಬಾಲಿಕೆಯು ಸಹ, ಈ ಊರಿನಿಂದ ಒಂದು ಬಂಡಿ ಹೊರಟಿತು, ಆ ಊರಿನಿಂದ ಇನ್ನೊಂದು ಹೊರಟಿತು ಎಂಬ ಮಾತನ್ನು ಓದಿದೊಡನೆ ಲೇಖನಿಯನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಡುವಳು. ಮನೆಯಲ್ಲಿ ತಂದೆತಾಯಿಗಳು ಇದನ್ನು ಕಂಡು, "ನಮ್ಮ ಹುಡುಗಿಗೆ ಲೆಕ್ಕ ಹತ್ತುವುದಿಲ್ಲ" ಎಂದು ತೀರ್ಮಾನಿಸುವರು. ಈ ತೀರ್ಮಾನವು ಅಲ್ಲಿಗೇ ನಿಲ್ಲತಕ್ಕದ್ದಲ್ಲ. ಅವಳು ಮುಂದೆ ಯಾವ ವಿಷಯಗಳನ್ನು ಓದಬೇಕು, ಯಾವ ಕೆಲಸಕ್ಕೆ ಅಣಿಯಾಗಬೇಕು ಎಂಬುದೂ ಅದರಿಂದಲೇ ನಿಶ್ಚಯವಾಗಿಬಿಡುವುದುಂಟು. ಪಠ್ಯಪುಸ್ತಕದ ಹತ್ತೆಂಟು ಪುಟಗಳ ಒಂದು ಪ್ರಕರಣದ ಮೇಲೆ ಇಷ್ಟು ದೊಡ್ಡ ತೀರ್ಪನ್ನು ಕಟ್ಟುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆದಕಾರಣ ಈ ಲೆಕ್ಕಗಳ ಗುಟ್ಟು ಎಲ್ಲಿದೆಯೆಂಬುದನ್ನು ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಮನೆಯಲ್ಲಿ ಕುಳಿತು ತಿಳಿಯಪಡಿಸಲು ಅನುಕೂಲವಾಗುವಂತೆ ಇಲ್ಲಿ ಬರೆಯುತ್ತೇನೆ.

ಮೊದಲು ಹೇಳತಕ್ಕದ್ದೇನೆಂದರೆ, ತೊಡಕಿನಲ್ಲಿ ಅರ್ಧಪಾಲು ರೈಲಿನದೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳನ್ನೇ ತೆಗೆದುಕೊಳ್ಳಿರಿ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಹೊನ್ನಾಳಿ ತಾಲ್ಲೂಕಿನೊಳಗಿದ್ದ ನ್ಯಾಮತಿಯು ಆಮೇಲೆ ತಾನೇ ಒಂದು ತಾಲ್ಲೂಕಾಯಿತು. ಈ ನಾಲ್ಕರಲ್ಲಿ ಒಂದಕ್ಕೂ ರೈಲು ಬಂದಿಲ್ಲ. ರೈಲು ಹತ್ತಬೇಕಾದರೆ ದಾವಣಗೆರೆಗೋ, ಹರಿಹರಕ್ಕೋ, ಶಿವಮೊಗ್ಗಕ್ಕೋ ಹೋಗಬೇಕು. ಹೀಗಿರಲಾಗಿ, ಈ ಊರುಗಳ ಬಾಲಿಕೆಗೆ ಎರಡು ರೈಲುಗಳು ಒಂದನ್ನೊಂದು ದಾಟುವ ನೋಟವು ಕಣ್ಣಮುಂದೆ ಬಾರದಿದ್ದರೆ ಅದು ಅವಳ ಬುದ್ಧಿಯ ಕೊರತೆಯಲ್ಲ. ಕಣ್ಣಿಗೆ ಕಾಣದುದನ್ನು ಲೆಕ್ಕಕ್ಕೆ ಹಿಡಿಸುವುದು ದೊಡ್ಡವರಿಗೂ ಕಷ್ಟವೇ. ರೈಲನ್ನು ತೆಗೆದು ಅದರ ಸ್ಥಾನದಲ್ಲಿ ಎತ್ತಿನ ಗಾಡಿಯನ್ನೂ, ಬೈಸಿಕಲ್ಲನ್ನೂ, ಕುರಿಮಂದೆಯನ್ನೂ ಇಟ್ಟು ನೋಡಿರಿ. ಅಂಕೆಗಳು ಅವೇ ಇದ್ದರೂ ಹುಡುಗಿಯ ಮುಖದ ಕಳೆಯೇ ಬೇರೆಯಾಗುವುದು.

ಇನ್ನು ವೇಗವೆಂದರೇನು? ನಮ್ಮ ಹಿರಿಯರಿಗೆ ಇದು ಶಾಲೆಯಲ್ಲಿ ಕಲಿತು ಬರಬೇಕಾದ ವಿಷಯವಾಗಿರಲಿಲ್ಲ. ಆ ಊರು ಎಷ್ಟು ದೂರವೆಂದು ಕೇಳಿದರೆ, ಮೂರು ಮೈಲಿಯಷ್ಟಾಗುವ ಹರದಾರಿಯ ಲೆಕ್ಕದಲ್ಲಿ ಹೇಳುವವರೂ ಇದ್ದರು. ಒಂದು ಜಾವದ ದಾರಿ, ಎರಡು ಘಳಿಗೆಯ ನಡಿಗೆ ಎಂದು ಹೇಳುವವರೂ ಇದ್ದರು. ಜಾವವೆಂದರೆ ೩ ಗಂಟೆ. ಘಳಿಗೆಯೆಂದರೆ ೨೪ ನಿಮಿಷ. ಕೇಳಿದುದು ದೂರ, ಹೇಳಿದುದು ಕಾಲ. ಆದರೂ ಕೇಳಿದವನಿಗೆ ಉತ್ತರವು ಪೂರ್ಣವಾಗಿ ತಿಳಿಯುತ್ತಿತ್ತು. ಏಕೆಂದರೆ ಮನುಷ್ಯನ ನಡಿಗೆಯು ಇಬ್ಬರಿಗೂ ಗೊತ್ತಿದ್ದಿತು. ಲೂಕನ ಸುವಾರ್ತೆಯ ೨ನೆಯ ಅಧ್ಯಾಯದಲ್ಲಿ ಯೋಸೇಫನೂ ಮರಿಯಳೂ ಬಾಲಕನಾದ ಯೇಸು ಜೊತೆಯಲ್ಲಿರುವನೆಂದು ನೆನೆಸಿ ಎಷ್ಟು ದೂರ ಹೋದರೆಂಬುದನ್ನು ಒಂದು ದಿನದ ಪ್ರಯಾಣವೆಂದೇ ಹೇಳಿದೆಯಲ್ಲದೆ ಇಷ್ಟು ಮೈಲಿಯೆಂದು ಹೇಳಿಲ್ಲ. ಇಂದಿಗೂ ಜಗಳೂರಿನಿಂದ ದಾವಣಗೆರೆ ಎಷ್ಟು ದೂರವೆಂದರೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತನ್ನು ಹೇಳುವವರೇ ಹೆಚ್ಚು. ದೂರವನ್ನು ಕಾಲದಿಂದ ಅಳೆಯುವ ಈ ಬಳಕೆಯೊಳಗೆ ವೇಗವೆಂಬುದು ಅಡಗಿ ಕುಳಿತಿದೆ. ಒಂದು ಗಂಟೆಯಲ್ಲಿ ಎಷ್ಟು ದೂರ ಎಂಬುದೇ ವೇಗ. ಅದಕ್ಕಿಂತ ಹೆಚ್ಚಿನ ರಹಸ್ಯವು ಅದರಲ್ಲಿಲ್ಲ.

ಈಗ ಕೆಲವು ಕಡೆ ಮಕ್ಕಳಿಗೆ ಒಂದು ತ್ರಿಕೋನವನ್ನು ಬರೆದು, ಮೇಲೆ ದೂರ, ಕೆಳಗೆ ವೇಗ ಮತ್ತು ಕಾಲ ಎಂದಿಟ್ಟು, ಬೇಕಾದುದನ್ನು ಬೆರಳಿನಿಂದ ಮುಚ್ಚಿದರೆ ಉತ್ತರವು ಬರುವುದೆಂದು ಕಲಿಸುವರು. ಇದು ಸುಳ್ಳಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಉಪಯೋಗಕ್ಕೂ ಬಂದೀತು. ಆದರೆ ಲೆಕ್ಕದಲ್ಲಿ ಒಬ್ಬನೇ ಪಯಣಿಗನಿರುವ ತನಕ ಮಾತ್ರ ಈ ತ್ರಿಕೋನವು ನಡೆಯುವುದು. ಇಬ್ಬರು ಬಂದರೋ, ಅಥವಾ ಒಬ್ಬನೇ ಎರಡು ವೇಗಗಳಲ್ಲಿ ನಡೆದನೋ, ಆಗ ಯಾವುದನ್ನು ಮುಚ್ಚಬೇಕೆಂಬುದು ಬೆರಳಿಗೆ ತಿಳಿಯದು. ಅದರ ಬದಲಾಗಿ ಒಂದೇ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಮಾಡಿಸತಕ್ಕದ್ದು: ಒಂದೇ ಗಡಿಯಾರವನ್ನು ಮುಂದಿಟ್ಟುಕೊಂಡು ನೋಡಿದರೆ, ಆ ಹೊತ್ತಿನಲ್ಲಿ ಯಾರ್ಯಾರು ಎಷ್ಟೆಷ್ಟು ಸಾಗಿದರು? ಎಲ್ಲರನ್ನೂ ಒಂದೇ ಕಾಲಕ್ಕೆ ತಂದು ನಿಲ್ಲಿಸಿದರೆ ಮಿಕ್ಕುದು ಮಗ್ಗಿಯ ಕೆಲಸ.

ಉದಾಹರಣೆ. ಹೊನ್ನಾಳಿಗೂ ನ್ಯಾಮತಿಗೂ ನಡುವಣ ದೂರವನ್ನು ಲೆಕ್ಕದ ಅನುಕೂಲಕ್ಕಾಗಿ ೧೫ ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ನ್ಯಾಮತಿಯಿಂದ ಒಂದು ಎತ್ತಿನ ಗಾಡಿಯು ಬೆಳಿಗ್ಗೆ ೭ ಗಂಟೆಗೆ ಹೊರಟು ಗಂಟೆಗೆ ೩ ಕಿಲೋಮೀಟರಿನಂತೆ ಹೊನ್ನಾಳಿಯ ಕಡೆಗೆ ಬರುತ್ತದೆ. ಹೊನ್ನಾಳಿಯಿಂದ ಒಬ್ಬ ಹುಡುಗಿಯು ೮ ಗಂಟೆಗೆ ಬೈಸಿಕಲ್ಲನ್ನೇರಿ ಗಂಟೆಗೆ ೧೨ ಕಿಲೋಮೀಟರಿನಂತೆ ನ್ಯಾಮತಿಯ ಕಡೆಗೆ ಹೋಗುತ್ತಾಳೆ. ಅವರು ಎಷ್ಟು ಹೊತ್ತಿಗೆ, ಎಲ್ಲಿ ಎದುರಾಗುವರು?

ಹುಡುಗಿಯು ಮೊದಲು ಒಂದು ಗೆರೆಯನ್ನೆಳೆಯಲಿ. ಎಡಗಡೆ ಹೊನ್ನಾಳಿ, ಬಲಗಡೆ ನ್ಯಾಮತಿ. ಗಾಡಿ ೭ ಗಂಟೆಗೆ ಹೊರಟಿದೆ, ಬೈಸಿಕಲ್ಲು ೮ಕ್ಕೆ, ಗಡಿಯಾರ ಒಂದಾಗಿಲ್ಲ. ಆದ್ದರಿಂದ ಇಬ್ಬರನ್ನೂ ೮ ಗಂಟೆಗೆ ತರಬೇಕು. ಆ ಹೊತ್ತಿಗೆ ಗಾಡಿಯು ೩ ಕಿಲೋಮೀಟರ್ ಬಂದಿರುವುದು. ಗೆರೆಯ ಮೇಲೆ ಅಲ್ಲಿ ಒಂದು ಚುಕ್ಕೆ. ಉಳಿದ ಅಂತರ ೧೨ ಕಿಲೋಮೀಟರ್. ಇಲ್ಲಿಂದ ಮುಂದೆ ಒಂದು ಗಂಟೆಯಲ್ಲಿ ಬೈಸಿಕಲ್ಲು ೧೨, ಗಾಡಿ ೩, ಇಬ್ಬರೂ ಸೇರಿ ೧೫ ಕಿಲೋಮೀಟರ್ ಅಂತರವನ್ನು ನುಂಗುವರು. ೧೫ನ್ನು ನುಂಗಲು ೬೦ ನಿಮಿಷವಾದರೆ ೧೨ನ್ನು ನುಂಗಲು ೪೮ ನಿಮಿಷ. ಇದು ನಮ್ಮ ಅಜ್ಜಂದಿರು ಬಲ್ಲ ತ್ರೈರಾಶಿಕವೇ. ಆದುದರಿಂದ ೮ ಗಂಟೆ ೪೮ ನಿಮಿಷಕ್ಕೆ, ಹಳೆಯ ಮಾತಿನಲ್ಲಿ ಹುಡುಗಿ ಹೊರಟ ಎರಡು ಘಳಿಗೆಗೆ, ಅವರು ಎದುರಾಗುವರು. ಅಷ್ಟರಲ್ಲಿ ಹುಡುಗಿ ೯.೬ ಕಿಲೋಮೀಟರ್ ಬಂದಿರುವಳು. ತಾಳೆ ನೋಡಬೇಕೆಂದರೆ ಗಾಡಿಯ ಕಡೆಯಿಂದಲೂ ಎಣಿಸಿರಿ: ಅದು ನಡೆದುದು ೧ ಗಂಟೆ ೪೮ ನಿಮಿಷ, ಸಾಗಿದ ದೂರ ೫.೪ ಕಿಲೋಮೀಟರ್, ಎರಡೂ ಕೂಡಿ ೧೫. ಹೀಗೆ ಇನ್ನೊಂದು ತುದಿಯಿಂದ ತಾಳೆ ನೋಡುವ ಹುಡುಗಿಯು ಉತ್ತರ ಸರಿಯೇ ಎಂದು ಉಪಾಧ್ಯಾಯಿನಿಯ ಮುಖವನ್ನು ನೋಡಬೇಕಾಗಿಲ್ಲ.

ಇಬ್ಬರೂ ಎದುರೆದುರಾಗಿ ಬರುವಾಗ ವೇಗಗಳನ್ನು ಕೂಡುವುದು, ಒಬ್ಬನ ಹಿಂದೆ ಇನ್ನೊಬ್ಬನು ಹೋಗುವಾಗ ಕಳೆಯುವುದು ಎಂಬ ಈ ಕ್ರಮವು ರೈಲಿನೊಡನೆ ಪರದೇಶದಿಂದ ಬಂದುದೆಂದು ಯಾರೂ ತಿಳಿಯದಿರಲಿ. ಕ್ರಿಸ್ತಶಕ ೪೯೯ರಲ್ಲಿ ಆರ್ಯಭಟನು ತನ್ನ 'ಆರ್ಯಭಟೀಯ'ದ ಗಣಿತಪಾದದಲ್ಲಿ ಒಂದೇ ಶ್ಲೋಕದಲ್ಲಿ ಇದನ್ನು ಹೇಳಿ ಮುಗಿಸಿದ್ದಾನೆ. ಅವನ ಗಮನವಿದ್ದುದು ಆಕಾಶದ ಗ್ರಹಗಳ ಮೇಲೆ. ಆ ಗ್ರಂಥಕ್ಕೆ ೬೨೯ರಲ್ಲಿ ವ್ಯಾಖ್ಯಾನವನ್ನು ಬರೆದ ಭಾಸ್ಕರನು, ಅಂದರೆ ಲೀಲಾವತಿಯ ಭಾಸ್ಕರಾಚಾರ್ಯನಿಗಿಂತ ಐನೂರು ವರ್ಷಗಳ ಹಿಂದಿನವನು, ಅದೇ ಸೂತ್ರವನ್ನು ಗ್ರಹಗಳಿಂದ ಇಳಿಸಿ ದಾರಿಗೆ ತಂದನು: ವಲಭಿಯಿಂದ ದಿನಕ್ಕೆ ಒಂದೂವರೆ ಯೋಜನ ನಡೆಯುವ ಒಬ್ಬನು, ಎದುರಿನಿಂದ ದಿನಕ್ಕೆ ಒಂದೂಕಾಲು ಯೋಜನ ನಡೆಯುವ ಇನ್ನೊಬ್ಬನು, ನಡುವೆ ೧೮ ಯೋಜನ. ದಿನವೊಂದಕ್ಕೆ ಇಬ್ಬರೂ ಸೇರಿ ಎರಡೂಮುಕ್ಕಾಲು ಯೋಜನ ನುಂಗುವರಾದ್ದರಿಂದ ೬ ದಿನಗಳೂ ಮೇಲೆ ಒಂದು ದಿನದ ಹನ್ನೊಂದರಲ್ಲಿ ೬ ಪಾಲೂ ಬೇಕು. ಹೊನ್ನಾಳಿಯ ಬೈಸಿಕಲ್ಲಿಗೂ ವಲಭಿಯ ಪಯಣಿಗನಿಗೂ ಗಣಿತದಲ್ಲಿ ಭೇದವಿಲ್ಲ. ನಮ್ಮ ನಾಡಿನಲ್ಲಿಯೂ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನೂ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನೂ ರಚಿಸಿದರು. ಮಹಾವೀರಾಚಾರ್ಯನ ಒಂದು ಲೆಕ್ಕದ ಬಗೆಯನ್ನು ಕೊನೆಯಲ್ಲಿ ಹೇಳುವೆನು.

ರೈಲು ಸೇತುವೆಯನ್ನು ದಾಟುವ ಲೆಕ್ಕದಲ್ಲಿ ತಪ್ಪುವವರು ಬಹಳ. ಸೇತುವೆಯ ಉದ್ದದೊಡನೆ ರೈಲಿನ ಉದ್ದವನ್ನು ಏಕೆ ಕೂಡಬೇಕೆಂಬುದು ಅವರಿಗೆ ಹೊಳೆಯದು. ಜಗಳೂರಿನ ಕಡೆಯ ಮಕ್ಕಳಿಗೆ ಕುರಿಮಂದೆಯನ್ನು ತೋರಿಸಿರಿ. ದಾರಿಯ ಮೇಲೆ ೧೦೦ ಮೀಟರ್ ಉದ್ದಕ್ಕೆ ಸಾಲಾಗಿ ಹೋಗುವ ಮಂದೆಯು ನಿಮಿಷಕ್ಕೆ ೫೦ ಮೀಟರ್ ನಡೆಯುತ್ತಾ ೨೦೦ ಮೀಟರ್ ಉದ್ದದ ಸೇತುವೆಗೆ ಬಂದಿದೆ. ಮುಂದಿನ ಟಗರು ೪ ನಿಮಿಷಕ್ಕೆ ಆಚೆಯ ದಡವನ್ನು ಮುಟ್ಟಿತು. ಕುರುಬನು ಆಗಲೇ ಮಂದೆಯು ದಾಟಿತೆನ್ನುವನೇ? ಎನ್ನುವುದಿಲ್ಲ, ಹಿಂದಿನ ಕುಂಟು ಮರಿಯು ಇನ್ನೂ ಸೇತುವೆಯ ನಡುವೆ ಇದೆ. ಅದು ಆಚೆ ಬರುವ ತನಕ ಟಗರು ಇನ್ನೂ ೧೦೦ ಮೀಟರ್ ಮುಂದೆ ಹೋಗಿರಬೇಕು. ಟಗರು ನಡೆದುದು ಒಟ್ಟು ೩೦೦ ಮೀಟರ್, ಹಿಡಿದ ಕಾಲ ೬ ನಿಮಿಷ. ದಾರಿಯ ಬದಿಯಲ್ಲಿ ನಿಂತ ಒಬ್ಬ ಮನುಷ್ಯನನ್ನು ಆ ಮಂದೆಯು ದಾಟಲು ಎಷ್ಟು ಹೊತ್ತೆಂದು ಕೇಳಿದರೆ, ಮನುಷ್ಯನಿಗೆ ಸೇತುವೆಯಂತೆ ಉದ್ದವಿಲ್ಲವಾದ ಕಾರಣ, ಮಂದೆಯ ಉದ್ದದ ೧೦೦ ಮೀಟರಿಗೆ ೨ ನಿಮಿಷ ಸಾಕು. ಟಗರನ್ನು ಇಂಜಿನನ್ನಾಗಿಯೂ ಮರಿಯನ್ನು ಕಡೆಯ ಡಬ್ಬಿಯನ್ನಾಗಿಯೂ ಮಾಡಿಕೊಂಡರೆ ರೈಲಿನ ಲೆಕ್ಕವೂ ಇಷ್ಟೆ.

ಮಂದೆಯ ಮಾತು ಬಂದುದರಿಂದ ಬೆನ್ನಟ್ಟುವ ಲೆಕ್ಕವನ್ನೂ ಸತ್ಯವೇದದಿಂದಲೇ ಹೇಳಬಹುದು. ಯಾಕೋಬನು ತನ್ನ ಮಾವನಾದ ಲಾಬಾನನಿಗೆ ತಿಳಿಸದೆ ಹೆಂಡಿರು ಮಕ್ಕಳನ್ನೂ ಕುರಿದನಗಳನ್ನೂ ಕರೆದುಕೊಂಡು ಹೊರಟುಹೋದನೆಂದೂ, ಮೂರನೆಯ ದಿನದಲ್ಲಿ ಲಾಬಾನನಿಗೆ ಸುದ್ದಿ ತಿಳಿಯಿತೆಂದೂ, ಅವನು ಏಳು ದಿನದ ದಾರಿ ಬೆನ್ನಟ್ಟಿ ಗಿಲ್ಯಾದ್ ಬೆಟ್ಟದಲ್ಲಿ ಹಿಡಿದನೆಂದೂ ಆದಿಕಾಂಡದ ೩೧ನೆಯ ಅಧ್ಯಾಯದಲ್ಲಿ ಓದುತ್ತೇವೆ. ಇಬ್ಬರೂ ಒಂದೇ ಸ್ಥಳದಿಂದ, ಮೂರು ದಿನಗಳ ಅಂತರದಲ್ಲಿ ಹೊರಟರೆಂದು ಇಟ್ಟುಕೊಳ್ಳಿರಿ. ಲಾಬಾನನು ೭ ದಿನಗಳಲ್ಲಿ ನಡೆದ ದಾರಿಯನ್ನು ಯಾಕೋಬನು ೧೦ ದಿನಗಳಲ್ಲಿ ನಡೆದಂತಾಯಿತು. ಯಾಕೋಬನ ಒಂದು ದಿನದ ನಡಿಗೆಯನ್ನು ೭ ಪಾಲು ಮಾಡಿದರೆ ಲಾಬಾನನು ದಿನಕ್ಕೆ ಅಂಥ ೧೦ ಪಾಲು ನಡೆಯುವನು. ದಿನಕ್ಕೆ ೩ ಪಾಲು ಅಂತರ ಕಡಮೆಯಾಗುವುದು. ಮುಂಚಿತವಾಗಿ ಹೋದ ೩ ದಿನಗಳ ದಾರಿಯೆಂದರೆ ೨೧ ಪಾಲು. ೨೧ನ್ನು ೩ರಿಂದ ಭಾಗಿಸಿದರೆ ೭ ದಿನ. ಯಾಕೋಬನು ಏಕೆ ಮೆಲ್ಲಗೆ ಹೋದನೆಂಬುದಕ್ಕೆ ೩೩ನೆಯ ಅಧ್ಯಾಯದಲ್ಲಿ ಬೆಳಕು ಸಿಕ್ಕುವುದು: ಎಳೆಯ ಮಕ್ಕಳೂ ಹಾಲೂಡಿಸುವ ಕುರಿದನಗಳೂ ಜೊತೆಯಲ್ಲಿವೆ, ಒಂದು ದಿನ ಹೆಚ್ಚಾಗಿ ಅಟ್ಟಿದರೂ ಹಿಂಡೆಲ್ಲ ಸತ್ತೀತೆಂದು ಅವನೇ ಏಸಾವನಿಗೆ ಹೇಳುತ್ತಾನೆ. ಇಬ್ಬರ ಹಿಂಡುಗಳಿಗೂ ಮೊದಲೇ ಮೂರು ದಿನದ ದಾರಿಯಷ್ಟು ಅಂತರವಿತ್ತೆಂದು ೩೦ನೆಯ ಅಧ್ಯಾಯದಲ್ಲಿ ಹೇಳಿದೆಯಲ್ಲ, ಅದನ್ನೂ ಸೇರಿಸಬೇಡವೇ ಎಂದು ಯಾವ ಹುಡುಗಿಯಾದರೂ ಕೇಳಿದರೆ ಅವಳಿಗೆ ಪೂರ್ಣ ಅಂಕಗಳನ್ನು ಕೊಟ್ಟು, ಆ ಲೆಕ್ಕವನ್ನು ಅವಳಿಂದಲೇ ಮಾಡಿಸತಕ್ಕದ್ದು.

ಈಗ ಬಲ್ಲವರೂ ಎಡವುವ ಸ್ಥಳಕ್ಕೆ ಬರೋಣ. ಚನ್ನಗಿರಿಯಿಂದ ದಾವಣಗೆರೆಗೆ ೬೦ ಕಿಲೋಮೀಟರ್ ಎಂದಿಟ್ಟುಕೊಳ್ಳಿರಿ. ಹೋಗುವಾಗ ಬಸ್ಸು ಗಂಟೆಗೆ ೩೦ ಕಿಲೋಮೀಟರಿನಂತೆಯೂ, ಬರುವಾಗ ೬೦ ಕಿಲೋಮೀಟರಿನಂತೆಯೂ ನಡೆಯಿತು. ಸರಾಸರಿ ವೇಗವೆಷ್ಟು? ಕೇಳಿದವರಲ್ಲಿ ಹೆಚ್ಚಿನವರು ೩೦ನ್ನೂ ೬೦ನ್ನೂ ಕೂಡಿ ಅರ್ಧ ಮಾಡಿ ೪೫ ಎನ್ನುವರು. ಗಡಿಯಾರವನ್ನು ಮುಂದಿಡಿರಿ. ಹೋಗಲು ೨ ಗಂಟೆ, ಬರಲು ೧ ಗಂಟೆ; ಒಟ್ಟು ೩ ಗಂಟೆಗಳಲ್ಲಿ ೧೨೦ ಕಿಲೋಮೀಟರ್; ಸರಾಸರಿ ೪೦. ೪೫ ಏಕೆ ಬರಲಿಲ್ಲ? ಬಸ್ಸು ಮಂದಗತಿಯಲ್ಲಿ ಕಳೆದ ಹೊತ್ತು ಶೀಘ್ರಗತಿಯಲ್ಲಿ ಕಳೆದ ಹೊತ್ತಿನ ಎರಡರಷ್ಟು. ತಕ್ಕಡಿಯಲ್ಲಿ ತೂಗಬೇಕಾದುದು ದೂರವನ್ನಲ್ಲ, ಕಾಲವನ್ನು. ಬಸ್ಸು ೧ ಗಂಟೆ ಹಾಗೂ ೧ ಗಂಟೆ ಹೀಗೂ ನಡೆದಿದ್ದರೆ ೪೫ ಎಂಬ ಉತ್ತರವು ಸರಿಯಾಗುತ್ತಿತ್ತು. ಇದರ ಮೇಲೆ ಇನ್ನೊಂದು ಪ್ರಶ್ನೆಯನ್ನು ಹಾಕಿರಿ: ಹೋಗುವಾಗ ೩೦ರಂತೆ ಹೋದ ಬಸ್ಸು ಹೋಗಿಬರುವ ಸರಾಸರಿಯನ್ನು ೬೦ ಮಾಡಬೇಕಾದರೆ ಬರುವಾಗ ಎಷ್ಟು ವೇಗದಲ್ಲಿ ಬರಬೇಕು? ೯೦ ಎಂದು ಒಡನೆಯೇ ಹೇಳುವರು. ಆದರೆ ೧೨೦ ಕಿಲೋಮೀಟರನ್ನು ಗಂಟೆಗೆ ೬೦ರಂತೆ ಮುಗಿಸಲು ಇರುವುದೇ ೨ ಗಂಟೆ. ಆ ಎರಡು ಗಂಟೆಗಳೂ ದಾವಣಗೆರೆಯನ್ನು ಮುಟ್ಟುವಷ್ಟರಲ್ಲಿ ತೀರಿಹೋಗಿವೆ. ಹಿಂದಿರುಗಲು ಒಂದು ನಿಮಿಷವೂ ಉಳಿದಿಲ್ಲ. ಯಾವ ವೇಗವೂ ಸಾಲದು.

ಹೊಳೆಯ ಲೆಕ್ಕವೂ ಇದರ ತಂಗಿಯೇ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿದ ಮೇಲೆ ತುಂಗಭದ್ರೆಯು ಹೊನ್ನಾಳಿಯನ್ನು ಹಾದು ಹರಿಹರದ ಕಡೆಗೆ ಹರಿಯುತ್ತದೆ. ನಿಂತ ನೀರಿನಲ್ಲಿ ಗಂಟೆಗೆ ೫ ಕಿಲೋಮೀಟರ್ ಹೋಗುವ ದೋಣಿಯು, ಗಂಟೆಗೆ ೧ ಕಿಲೋಮೀಟರ್ ಹರಿಯುವ ಹೊಳೆಯಲ್ಲಿ ೧೨ ಕಿಲೋಮೀಟರ್ ಇಳಿಯಲು ೨ ಗಂಟೆ, ಏರಲು ೩ ಗಂಟೆ ಹಿಡಿಯುವುದು. ನಿಂತ ನೀರಿನಲ್ಲಿಯೇ ಆದರೆ ಆ ೨೪ ಕಿಲೋಮೀಟರಿಗೆ ೪ ಗಂಟೆ ೪೮ ನಿಮಿಷ ಸಾಕು. ಹೊಳೆಯು ಇಳಿಯುವಾಗ ಕೊಟ್ಟ ಸಹಾಯವೂ ಏರುವಾಗ ಕೊಟ್ಟ ಅಡ್ಡಿಯೂ ಸಮವೆಂದು ಕಂಡರೂ, ಅಡ್ಡಿಯಲ್ಲಿ ಇರುವ ಹೊತ್ತು ಹೆಚ್ಚಾದ್ದರಿಂದ ೧೨ ನಿಮಿಷ ನಷ್ಟವೇ ಆಗುವುದು.

ಮಾನಗಳ ವಿಷಯದಲ್ಲಿ ಒಂದು ಮಾತು. ಮೈಲಿ, ಫರ್ಲಾಂಗು, ಗಜಗಳಲ್ಲಿ ಕಲಿತ ಹಳೆಯ ವಿದ್ಯಾರ್ಥಿನಿಯರಿಗೆ ಗಂಟೆಗೆ ೬೦ ಮೈಲಿಯೆಂದರೆ ಸೆಕೆಂಡಿಗೆ ೮೮ ಅಡಿಯೆಂಬುದು ಇನ್ನೂ ಬಾಯಲ್ಲಿ ಇರಬಹುದು. ೧೯೫೬ರ ತೂಕ ಅಳತೆಗಳ ಕಾಯಿದೆಯ ತರುವಾಯ ಮೀಟರಿನ ಪದ್ಧತಿಯು ಬಂದಿತು. ಮಕ್ಕಳು ಈಗ ಹದಿನೆಂಟರಲ್ಲಿ ಐದು ಎಂಬ ಒಂದು ಭಿನ್ನರಾಶಿಯನ್ನು ಮಂತ್ರದಂತೆ ಜಪಿಸುವರು. ಗುಣಿಸಬೇಕೋ ಭಾಗಿಸಬೇಕೋ ಎಂಬುದು ಮರೆತರೆ ಮಂತ್ರವು ಫಲಿಸದು. ಅದರ ಬದಲು ಒಂದು ಸಂಗತಿಯನ್ನು ನೆನಪಿಡಲಿ: ಗಂಟೆಗೆ ೧೮ ಕಿಲೋಮೀಟರ್ ಹೋಗುವುದು ಸೆಕೆಂಡಿಗೆ ೫ ಮೀಟರ್ ಹೋಗುವುದು. ಏಕೆಂದರೆ ೧೮,೦೦೦ ಮೀಟರನ್ನು ಗಂಟೆಯ ೩,೬೦೦ ಸೆಕೆಂಡುಗಳಿಗೆ ಹಂಚಿದರೆ ೫ ಬರುವುದು. ಇದು ತಿಳಿದರೆ ೫೪ ಎಂದರೆ ಮೂರು ಹದಿನೆಂಟು, ಸೆಕೆಂಡಿಗೆ ೧೫ ಮೀಟರ್. ೭೨ ಎಂದರೆ ನಾಲ್ಕು ಹದಿನೆಂಟು, ಸೆಕೆಂಡಿಗೆ ೨೦ ಮೀಟರ್. ನಾಲ್ಕೂವರೆ ಎಂದರೆ ಹದಿನೆಂಟರ ಕಾಲುಭಾಗ, ಸೆಕೆಂಡಿಗೆ ಒಂದೂಕಾಲು ಮೀಟರ್.

ಈ ಮೂರು ವೇಗಗಳನ್ನು ಬೇಕೆಂದೇ ಆರಿಸಿದೆನು. ನಾಲ್ಕೂವರೆ ಕಿಲೋಮೀಟರ್ ಎಂಬುದು ಪುಸ್ತಕದ ಚೀಲವನ್ನು ಹೊತ್ತು ನಡೆಯುವ ಹುಡುಗಿಯ ವೇಗವೆನ್ನಿರಿ. ಅವಳು ೭ ಮೀಟರ್ ಅಗಲದ ರಸ್ತೆಯನ್ನು ದಾಟಬೇಕು. ಹಿಡಿಯುವ ಕಾಲ ೫.೬ ಸೆಕೆಂಡು. ೧೦೦ ಮೀಟರ್ ದೂರದಲ್ಲಿ ಒಂದು ಬಸ್ಸು ಬರುತ್ತಿದೆ. ಅದರ ವೇಗವು ೫೪ ಆಗಿದ್ದರೆ ಅದು ೬.೭ ಸೆಕೆಂಡಿಗೆ ಅವಳ ಬಳಿಗೆ ಬರುವುದು; ಅವಳು ಅಷ್ಟರಲ್ಲಿ ಆಚೆ ಸೇರಿರುವಳು. ೭೨ ಆಗಿದ್ದರೆ ೫ ಸೆಕೆಂಡಿಗೆ ಬರುವುದು. ಅವಳು ಇನ್ನೂ ರಸ್ತೆಯ ಮೇಲೆಯೇ ಇರುವಳು. ನೂರು ಮೀಟರ್ ಆಚೆಯ ಬಸ್ಸು ೫೪ರದೋ ೭೨ರದೋ ಎಂಬುದನ್ನು ಕಣ್ಣು ಹೇಳಲಾರದು. ಎರಡೂ ಅಷ್ಟೇ ದೂರದಲ್ಲಿ, ಅಷ್ಟೇ ಚಿಕ್ಕದಾಗಿ ಕಾಣುವುವು. ಮೊದಲನೆಯ ಬಸ್ಸಿನ ಮುಂದೆ ಸಿಕ್ಕ ಉಳಿಕೆಯಾದರೂ ಎಷ್ಟು? ಒಂದು ಸೆಕೆಂಡಿಗೆ ಸ್ವಲ್ಪ ಹೆಚ್ಚು. ನಡುರಸ್ತೆಯಲ್ಲಿ ಒಮ್ಮೆ ಹಿಂಜರಿದು ನಿಂತರೆ, ಚಪ್ಪಲಿ ಕಳಚಿದರೆ, ಅದೂ ಹೋಯಿತು. "ದೂರದಲ್ಲಿದೆ, ದಾಟಿಬಿಡು" ಎಂದು ಮಗಳಿಗೆ ಹೇಳುವ ಮುಂಚೆ ತಾಯಂದಿರು ಈ ಲೆಕ್ಕವನ್ನು ಒಂದು ಸಾರಿ ಅವಳೊಡನೆ ಕುಳಿತು ಮಾಡಬೇಕೆಂದು ಬೇಡುತ್ತೇನೆ. ಕೇಳಬೇಕಾದ ಪ್ರಶ್ನೆ ಎಷ್ಟು ದೂರವೆಂಬುದಲ್ಲ, ಎಷ್ಟು ಹೊತ್ತೆಂಬುದು.

ಇನ್ನು ಮಹಾವೀರಾಚಾರ್ಯನ ಬಗೆಯ ಲೆಕ್ಕ. ಒಬ್ಬನು ದಿನಕ್ಕೆ ಒಂದೇ ಸಮನೆ ನಡೆಯುವನು, ಇನ್ನೊಬ್ಬನು ದಿನದಿನಕ್ಕೆ ನಡಿಗೆಯನ್ನು ಹೆಚ್ಚಿಸುವನು. ಅವರು ಎಂದು ಕೂಡುವರೆಂಬುದಕ್ಕೆ ಅವನು ಸೂತ್ರವನ್ನು ಕೊಟ್ಟಿದ್ದಾನೆ. ಅಂಕೆಗಳನ್ನು ನಾನು ಇಟ್ಟಿದ್ದೇನೆ. ಇಬ್ಬರು ಅಕ್ಕತಂಗಿಯರು ಒಂದೇ ಊರಿನಿಂದ ಒಂದೇ ಬೆಳಿಗ್ಗೆ ಒಂದೇ ದಾರಿಯಲ್ಲಿ ಹೊರಟರು. ಅಕ್ಕನು ದಿನಕ್ಕೆ ೧೦ ಮೈಲಿ ನಡೆಯುವಳು. ತಂಗಿಯು ಮೊದಲ ದಿನ ೪ ಮೈಲಿ, ಎರಡನೆಯ ದಿನ ೬, ಮೂರನೆಯ ದಿನ ೮, ಹೀಗೆ ದಿನಕ್ಕೆ ೨ ಮೈಲಿ ಹೆಚ್ಚಿಸುತ್ತಾ ಹೋಗುವಳು. ತಂಗಿಯು ಅಕ್ಕನನ್ನು ಎಂದು ಸೇರುವಳು?

ಸೂತ್ರವಿಲ್ಲದೆ ಬಿಡಿಸೋಣ. ಮೊದಲ ದಿನ ತಂಗಿಯು ೬ ಮೈಲಿ ಹಿಂದೆ ಬಿದ್ದಳು, ಎರಡನೆಯ ದಿನ ಮತ್ತೆ ೪, ಮೂರನೆಯ ದಿನ ಮತ್ತೆ ೨. ಒಟ್ಟು ೧೨ ಮೈಲಿ. ನಾಲ್ಕನೆಯ ದಿನ ಇಬ್ಬರ ನಡಿಗೆಯೂ ಸಮ. ಅಂತರವು ಹೆಚ್ಚಲೂ ಇಲ್ಲ, ಕಡಮೆಯಾಗಲೂ ಇಲ್ಲ. ಐದನೆಯ ದಿನ ತಂಗಿಯು ೨ ಮೈಲಿ ಗಳಿಸಿದಳು, ಆರನೆಯ ದಿನ ೪, ಏಳನೆಯ ದಿನ ೬. ಕಳೆದುಕೊಂಡುದೆಲ್ಲ ಬಂದಿತು. ಏಳನೆಯ ದಿನದ ಸಂಜೆ ಇಬ್ಬರೂ ಊರಿನಿಂದ ೭೦ ಮೈಲಿಯಲ್ಲಿ ಕೂಡುವರು. ತಂಗಿಯ ನಡಿಗೆಯು ಅಕ್ಕನದಕ್ಕೆ ಸಮವಾದ ದಿನದಲ್ಲಿಯೇ ಅವಳು ಅತ್ಯಂತ ಹಿಂದೆ ಇದ್ದಳು. ಹೀಗಾಗುವುದು ಹೇಗೆಂದು ಮನೆಯಲ್ಲಿ ಕೇಳಿ ನೋಡಿರಿ. ಎಂಟನೆಯ ದಿನವೂ ಇಬ್ಬರೂ ಹಾಗೆಯೇ ನಡೆದರೆ ತಂಗಿಯು ಎಷ್ಟು ಮುಂದೆ ಹೋಗುವಳೆಂಬುದನ್ನೂ ಕೇಳಿರಿ.